ಆಂಡರ್ಸನ್ನರೂ ನಾಡಕೋವಿಯೂ

1910ರಲ್ಲಿ ಜನಿಸಿ ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ನರು ಹೊಸದುರ್ಗ-ಹೊಳಲ್ಕೆರೆಗಳ ನರಭಕ್ಷಕ ಹುಲಿಯ ಕಥೆಯನ್ನು ಬರೆದು ಚಿತ್ರದುರ್ಗದ ಸೀಮೆಯನ್ನು ಲೋಕದ ಓದುಗರಿಗೆ ಪರಿಚಯಿಸಿದರು. ಅವರ ಕೈಯಲ್ಲಿದ್ದುದು ವಿಂಚೆಸ್ಟರ್ ರೈಫಲು. ಹಳ್ಳಿಗರ ಕೈಯಲ್ಲಿದ್ದುದು ಬಾಯಿಯಿಂದ ಮದ್ದು ತುಂಬುವ ನಾಡಕೋವಿ. ಅದರ ನಯವಾದ ಒಂದೇ ನಳಿಗೆ ಚರೆಯನ್ನೂ ಹಾರಿಸಬೇಕು, ಗುಂಡನ್ನೂ ಹಾರಿಸಬೇಕು. ಮದ್ದು ಅತಿಯಾದರೆ ಚರೆ ಚೆದರುತ್ತದೆ; ಬಟ್ಟೆ ಸುತ್ತಿ ಗಜದಿಂದ ಬಿಗಿಯಾಗಿ ಇಳಿಸದ ಗುಂಡು ಗುರಿ ತಪ್ಪುತ್ತದೆ. ಗಾಯಗೊಂಡು ಪಾರಾದ ಮೃಗವು ಸಹಜವಾದ ಬೇಟೆಗೆ ಅಶಕ್ತವಾಗಿ ಮನುಷ್ಯನ ಮೇಲೆ ಎರಗುವುದೆಂಬುದನ್ನು ಆಂಡರ್ಸನ್ನರು ಮತ್ತೆ ಮತ್ತೆ ಬರೆದರು. ಆದರೂ ಅಂಥ ಹಳೆಯ ಕೋವಿ ಹಿಡಿದ ಬಡ ಬೇಟೆಗಾರ ಬೈರನನ್ನು ಅವರು ಹಳಿಯಲಿಲ್ಲ; ಗೆಳೆಯನಾಗಿ ಕಂಡು ಅವನಿಂದ ಕಾಡಿನ ವಿದ್ಯೆ ಕಲಿತರು. 1974ರಲ್ಲಿ ಅವರು ನಿಧನರಾದರು. ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಿಂದ ಆ ಕಥೆಗಳು ಕನ್ನಡಕ್ಕೂ ಬಂದವು. ಒಬ್ಬನ ಸಡಿಲ ಗುಂಡಿಗೆ ಊರೆಲ್ಲ ತೆರಬೇಕಾದ ಬೆಲೆಯನ್ನು ಅವು ಇಂದಿಗೂ ನೆನಪಿಸುತ್ತವೆ.