ಹೆವಿಸೈಡ್‌ಗೆ ಸಿಕ್ಕ ಬಾಸ್‌ಗಳು

ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಓದುವಾಗ ಯೂನಿಟ್ ಸ್ಟೆಪ್ ಫಂಕ್ಷನ್ ಬರುತ್ತಲ್ಲ, ಅದಕ್ಕೆ ಹೆವಿಸೈಡ್ ಫಂಕ್ಷನ್ ಅಂತಲೂ ಹೆಸರಿದೆ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಭಾರ, ಅದಕ್ಕೇ 'ಹೆವಿ ಸೈಡ್' ಇರಬೇಕು ಅಂತ ನಾನು ಪೂರ್ತಿ ಒಂದು ಸೆಮಿಸ್ಟರ್ ನಂಬಿಕೊಂಡಿದ್ದೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಗೊತ್ತಾದದ್ದು ಆಮೇಲೆ. ಇಂಡಕ್ಟನ್ಸ್, ಇಂಪೀಡೆನ್ಸ್, ಅಡ್ಮಿಟನ್ಸ್ ಎಂಬ ಪದಗಳನ್ನು ಹುಟ್ಟುಹಾಕಿದವನೂ ಈತನೇ. ಇಷ್ಟೆಲ್ಲ ಮಾಡಿದವನು ಬದುಕಿನಲ್ಲಿ ಸಂಬಳದ ಕೆಲಸ ಮಾಡಿದ್ದು ಬರೀ ಆರು ವರ್ಷ.

ಆಲಿವರ್ ಹೆವಿಸೈಡ್ ಹುಟ್ಟಿದ್ದು 1850ರ ಮೇ 18ರಂದು, ಲಂಡನ್ನಿನ ಕ್ಯಾಮ್ಡೆನ್ ಟೌನ್‌ನಲ್ಲಿ. ಅಪ್ಪ ಮರದ ಅಚ್ಚು ಕೆತ್ತುವವನು, ಮನೆಯಲ್ಲಿ ಬಡತನ. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. ಬೇರೆ ಹುಡುಗರ ಜೊತೆ ಆಡಲಾಗದೆ ಒಂಟಿಯಾಗಿ ಬೆಳೆದ. 16ಕ್ಕೆ ಶಾಲೆ ಬಿಟ್ಟ. ಕಾಲೇಜು ಮೆಟ್ಟಿಲು ಹತ್ತಲೇ ಇಲ್ಲ. ಅಮ್ಮನ ಸೋದರಿಯ ಗಂಡ ಚಾರ್ಲ್ಸ್ ವೀಟ್‌ಸ್ಟನ್, ಹೌದು, ನಮ್ಮ ಲ್ಯಾಬಿನ ವೀಟ್‌ಸ್ಟನ್ ಬ್ರಿಡ್ಜ್‌ನ ಅದೇ ವೀಟ್‌ಸ್ಟನ್. 1868ರಲ್ಲಿ ಟೆಲಿಗ್ರಾಫ್ ಆಪರೇಟರ್ ಕೆಲಸ ಸಿಕ್ಕಿ ಡೆನ್ಮಾರ್ಕಿಗೆ ಹೋದ, ಆಮೇಲೆ ನ್ಯೂಕಾಸಲ್‌ಗೆ. ಬ್ರಿಡ್ಜ್ ಬಗ್ಗೆ 1873ರಲ್ಲಿ ಆತ ಬರೆದ ಲೇಖನ ಮ್ಯಾಕ್ಸ್‌ವೆಲ್‌ನ ಕಣ್ಣಿಗೂ ಬಿತ್ತು. ಮರುವರ್ಷವೇ, 24ನೇ ವಯಸ್ಸಿಗೆ, ಕೆಲಸ ಬಿಟ್ಟು ಅಪ್ಪ-ಅಮ್ಮನ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡ.

ಇವತ್ತು ನ್ಯೂರೋಡೈವರ್ಜೆಂಟ್ ಎಂಬ ಮಾತು ಬಳಕೆಯಲ್ಲಿದೆ: ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರನ್ನು, ಅಂದರೆ ಮಿದುಳು ಬೇರೆ ದಾರಿಯಲ್ಲಿ ಕೆಲಸ ಮಾಡುವವರನ್ನು ಒಟ್ಟಾಗಿ ಕರೆಯುವ ಪದ. ಹೆವಿಸೈಡ್‌ನನ್ನು ಯಾವ ಡಾಕ್ಟರೂ ಹಾಗೆ ಪರೀಕ್ಷಿಸಿರಲಿಲ್ಲ. ಸತ್ತ ನೂರು ವರ್ಷದ ಮೇಲೆ ನಾವು ಚೀಟಿ ಅಂಟಿಸುವುದೂ ಸರಿಯಲ್ಲ. ಆದರೆ ಆತ ಇದ್ದ ರೀತಿ ನೋಡಿ. ಕಿಟಕಿ ಮುಚ್ಚಿದ ಬಿಸಿ ಕೋಣೆ, ರಾತ್ರಿಯೆಲ್ಲ ಲೆಕ್ಕ, ಸಭೆ-ಸಮಾರಂಭ ಅಂದರೆ ದೂರ, ಮನಸ್ಸಿನಲ್ಲಿದ್ದದ್ದನ್ನು ಮುಖದ ಮೇಲೇ ಹೇಳಿಬಿಡುವ ಬರಹ. ಈಗಿನ ಒಂದು ಗ್ರೂಪ್ ಡಿಸ್ಕಷನ್‌ನಲ್ಲಿ ಕೂರಿಸಿದ್ದರೆ ಮೊದಲ ರೌಂಡ್‌ನಲ್ಲೇ ಮನೆಗೆ.

ಆ ಕೋಣೆಯಲ್ಲಿ ಆದದ್ದು ಇಷ್ಟು. ಮ್ಯಾಕ್ಸ್‌ವೆಲ್‌ನ ದೊಡ್ಡ ಗ್ರಂಥವನ್ನು ಯಾರ ಸಹಾಯವೂ ಇಲ್ಲದೆ ವರ್ಷಗಟ್ಟಲೆ ಕೂತು ಅರಗಿಸಿಕೊಂಡ. 20ರಷ್ಟಿದ್ದ ಸಮೀಕರಣಗಳನ್ನು 1884-85ರ ಹೊತ್ತಿಗೆ ವೆಕ್ಟರ್ ರೂಪಕ್ಕೆ ತಂದು ನಾಲ್ಕಕ್ಕೆ ಇಳಿಸಿದ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವುದು ಆ ನಾಲ್ಕನ್ನೇ.

ಇದನ್ನೆಲ್ಲ ಪ್ರಕಟಿಸಿದ್ದು 'ದಿ ಎಲೆಕ್ಟ್ರಿಶಿಯನ್' ಎಂಬ ವಾರಪತ್ರಿಕೆ. ಸಂಪಾದಕ ಬಿಗ್ಸ್. ಹೆವಿಸೈಡ್‌ನ ಲೇಖನಗಳು ಓದುಗರಿಗೆ ಅರ್ಥವಾಗ್ತಿರಲಿಲ್ಲ. ಆದರೂ ಬಿಗ್ಸ್ ಅಚ್ಚು ಹಾಕುತ್ತಾ ಹೋದ, ವರ್ಷಕ್ಕೆ ಸುಮಾರು 40 ಪೌಂಡ್ ಕೊಡುತ್ತಾ ಹೋದ. ಆಫೀಸಿಗೆ ಬಾ ಅನ್ನಲಿಲ್ಲ, ಸರಳ ಮಾಡು ಅಂತ ಹಟ ಹಿಡಿಯಲಿಲ್ಲ. ಹೆವಿಸೈಡ್‌ಗೆ ಬಾಸ್ ಅಂತ ಯಾರಾದರೂ ಸಿಕ್ಕಿದ್ದರೆ ಅದು ಈ ಬಿಗ್ಸ್ ಅಂತ ನನ್ನ ಲೆಕ್ಕ.

ಎದುರಿಗಿದ್ದವನು ವಿಲಿಯಂ ಪ್ರೀಸ್, ಬ್ರಿಟಿಷ್ ಅಂಚೆ ಇಲಾಖೆಯ ದೊಡ್ಡ ಎಂಜಿನಿಯರ್. ಟೆಲಿಗ್ರಾಫ್ ಆಗ ಅಂಚೆ ಇಲಾಖೆಯ ಕೈಯಲ್ಲಿತ್ತು. ಪ್ರೀಸ್ ಮಾತುಗಾರ, ಸಭೆಗಳಲ್ಲಿ ಮಿಂಚುವವನು, ಗಣಿತ ಅಷ್ಟಕ್ಕಷ್ಟೆ. ತಂತಿಯಲ್ಲಿ ಇಂಡಕ್ಟನ್ಸ್ ಇದ್ದರೆ ಟೆಲಿಫೋನ್ ದನಿ ಕೆಡುತ್ತೆ ಎಂಬುದು ಅವನ ನಂಬಿಕೆ. ಹೆವಿಸೈಡ್‌ನ ಲೆಕ್ಕ ಉಲ್ಟಾ ಹೇಳಿತು. ಲೈನಿನ ರೆಸಿಸ್ಟನ್ಸ್ ಮತ್ತು ಇಂಡಕ್ಟನ್ಸ್‌ನ ಅನುಪಾತವು ಲೀಕೇಜ್ ಮತ್ತು ಕೆಪಾಸಿಟನ್ಸ್‌ನ ಅನುಪಾತಕ್ಕೆ ಸಮವಾದರೆ ಸಿಗ್ನಲ್ ಕ್ಷೀಣಿಸಿದರೂ ಆಕಾರ ಕೆಡುವುದಿಲ್ಲ. ನಿಜವಾದ ಲೈನುಗಳಲ್ಲಿ ಇಂಡಕ್ಟನ್ಸೇ ಕಮ್ಮಿ ಬೀಳುತ್ತೆ, ಹಾಗಾಗಿ ಅದನ್ನು ಹೆಚ್ಚಿಸಬೇಕು! ಟ್ರಾನ್ಸ್‌ಮಿಷನ್ ಲೈನ್ಸ್ ಓದಿದವರಿಗೆ ಇದು ಡಿಸ್ಟಾರ್ಷನ್‌ಲೆಸ್ ಕಂಡಿಷನ್ ಅಂತ ಗೊತ್ತಿರುತ್ತೆ.

1887ರಲ್ಲಿ ಅಣ್ಣ ಆರ್ಥರ್ ಜೊತೆ ಸೇರಿ ಇದರ ಬಗ್ಗೆ ಒಂದು ಪ್ರಬಂಧ ಬರೆದ. ಆರ್ಥರ್ ಕೆಲಸ ಮಾಡುತ್ತಿದ್ದದ್ದು ಅಂಚೆ ಇಲಾಖೆಯಲ್ಲೇ, ಪ್ರೀಸ್‌ನ ಕೈಕೆಳಗೆ. ಮೇಲಿನವರ ಒಪ್ಪಿಗೆ ಬೇಕು, ಪ್ರೀಸ್ ಕೊಡಲಿಲ್ಲ. ಪ್ರಬಂಧ ಅಲ್ಲೇ ನಿಂತಿತು. ಅದೇ ವರ್ಷ ಬಿಗ್ಸ್ ಕೂಡ ಸಂಪಾದಕನ ಕುರ್ಚಿ ಬಿಡಬೇಕಾಯಿತು, ಹೊಸಬ ಬಂದು ಹೆವಿಸೈಡ್‌ನ ಲೇಖನಮಾಲೆಯನ್ನು ನಿಲ್ಲಿಸಿದ. ಹೆವಿಸೈಡ್ ಪ್ರೀಸ್‌ನನ್ನು ಗೇಲಿ ಮಾಡಿ ಬರೆಯುತ್ತಿದ್ದದ್ದೂ ನಿಜ, ಸಲೀಸಾದ ಮನುಷ್ಯ ಅಲ್ಲವೇ ಅಲ್ಲ. ಆದರೆ ಒಂದು ಲೆಕ್ಕ ಸರಿಯೋ ತಪ್ಪೋ ಅನ್ನೋದಕ್ಕೂ ಲೆಕ್ಕ ಮಾಡಿದವನ ಬಾಯಿಗೂ ಏನು ಸಂಬಂಧ? ಅದನ್ನು ಬಿಡಿಸಿ ನೋಡುವುದು ಅಧಿಕಾರದಲ್ಲಿದ್ದವನ ಕೆಲಸವಾಗಿತ್ತು. ಕಡೆಗೆ ಲೋಡಿಂಗ್ ಕಾಯಿಲ್‌ನ ಪೇಟೆಂಟ್ 1900ರಲ್ಲಿ ಅಮೆರಿಕದ ಪ್ಯೂಪಿನ್ ಪಾಲಾಯಿತು, ಲಕ್ಷಗಟ್ಟಲೆ ಡಾಲರೂ ಅವನಿಗೇ.

ಆತನನ್ನು ಆತನಿದ್ದ ಹಾಗೇ ಒಪ್ಪಿಕೊಂಡವರೂ ಇದ್ದರು. 1889ರಲ್ಲಿ ವಿಲಿಯಂ ಥಾಮ್ಸನ್ (ಆಮೇಲೆ ಲಾರ್ಡ್ ಕೆಲ್ವಿನ್) ಎಲೆಕ್ಟ್ರಿಕಲ್ ಎಂಜಿನಿಯರ್‌ಗಳ ಸಂಸ್ಥೆಯ ಅಧ್ಯಕ್ಷ ಭಾಷಣದಲ್ಲೇ ಹೆವಿಸೈಡ್‌ನ ಹೆಸರೆತ್ತಿ ಹೊಗಳಿದ. 1891ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಹಣದ ಕಷ್ಟ ಮಾತ್ರ ಹಾಗೇ ಇತ್ತು. ಸ್ನೇಹಿತರು ವಿಜ್ಞಾನಿಗಳ ಪರಿಹಾರ ನಿಧಿಯಿಂದ ಸಹಾಯ ಕೊಡಿಸಲು ನೋಡಿದರೆ ಇದು ಭಿಕ್ಷೆ ಅಂತ ತಿರಸ್ಕರಿಸಿದ. ಫಿಟ್ಸ್‌ಜೆರಾಲ್ಡ್ ಮತ್ತು ಪೆರ್ರಿ ಬಿಡಲಿಲ್ಲ. ಸರ್ಕಾರದಿಂದ ವರ್ಷಕ್ಕೆ 120 ಪೌಂಡ್ ಪಿಂಚಣಿ ಮಾಡಿಸಿ, ಇದು ದಾನ ಅಲ್ಲ, ನಿನ್ನ ಕೆಲಸಕ್ಕೆ ಸಲ್ಲಬೇಕಾದ ಗೌರವ ಎಂದು ಒಪ್ಪಿಸಿದರು. 1896ರಲ್ಲಿ ಹೆವಿಸೈಡ್ ತೆಗೆದುಕೊಂಡ. ಹಣ ಕೊಡೋದಕ್ಕಿಂತ, ಅದನ್ನು ಹೇಗೆ ಕೊಟ್ಟರು ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ. ಕೇಂಬ್ರಿಡ್ಜ್‌ನ ಸರ್ಲ್ ಎಂಬ ಭೌತವಿಜ್ಞಾನಿ ವರ್ಷಾನುಗಟ್ಟಲೆ ಹೆಂಡತಿಯ ಜೊತೆ ಡೆವನ್‌ಗೆ ಬಂದು ಮಾತಾಡಿಸಿ ಹೋಗುತ್ತಿದ್ದ.

ಕೊನೆಯ ವರ್ಷಗಳು ಸುಖದವಲ್ಲ. ಟಾರ್ಕ್ವೀಯ ಮನೆಯಲ್ಲಿ ಒಬ್ಬನೇ, ಗ್ಯಾಸ್ ಕಂಪನಿಯ ಜೊತೆ ಜಗಳ, ಕಾಗದಗಳ ಕೆಳಗೆ ಹೆಸರಿನ ಮುಂದೆ ಹುಳು ಎಂಬರ್ಥ ಬರುವ ಬಿರುದು. 1922ರಲ್ಲಿ ಮೊಟ್ಟಮೊದಲ ಫ್ಯಾರಡೆ ಪದಕ ಈತನಿಗೆ ಅಂತ ತೀರ್ಮಾನವಾಯಿತು. ಲಂಡನ್ನಿಗೆ ಬರುವ ಆಸಾಮಿ ಅಲ್ಲ ಅಂತ ಸಂಸ್ಥೆಗೂ ಗೊತ್ತು. ಅಧ್ಯಕ್ಷ ಹೈಫೀಲ್ಡ್ ತಾನೇ ಪದಕ ಹಿಡಿದು ಟಾರ್ಕ್ವೀಗೆ ಹೋದ.

ರೇಡಿಯೋ ಅಲೆಗಳು ಭೂಮಿಯ ಬಾಗನ್ನು ದಾಟಿ ಹೋಗಬೇಕಾದರೆ ಮೇಲೆ ವಿದ್ಯುತ್ ಹರಿಯಬಲ್ಲ ಒಂದು ಪದರ ಇರಬೇಕು ಎಂದು 1902ರಲ್ಲಿ ಆತ ಬರೆದಿದ್ದ. ಆ ಪದರ ನಿಜಕ್ಕೂ ಇದೆ ಎಂದು ಆಪಲ್ಟನ್ ಮತ್ತು ಬಾರ್ನೆಟ್ ಪ್ರಯೋಗ ಮಾಡಿ ತೋರಿಸಿದ್ದು 1924ರ ಡಿಸೆಂಬರ್‌ನಲ್ಲಿ. ಹೆವಿಸೈಡ್ ತೀರಿಕೊಂಡದ್ದು 1925ರ ಫೆಬ್ರವರಿ 3ರಂದು. ಪೇನ್ಟನ್ ಸ್ಮಶಾನದಲ್ಲಿ ಅಪ್ಪ-ಅಮ್ಮನ ಜೊತೆಗೇ ಮಣ್ಣು ಮಾಡಿದ್ದಾರೆ.