ನೆನಪಿನ ನಂಬಿಕೆಯನ್ನು ಪರೀಕ್ಷಿಸಿದ ಸರ್ ಫ್ರೆಡರಿಕ್ ಬಾರ್ಟ್ಲೆಟ್

ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಹಳೆಯ ಮದುವೆಯೊಂದರ ಮಾತು ತೆಗೆದರೆ ಸಾಕು, ಒಬ್ಬನು ಹೇಳಿದ್ದು ಇನ್ನೊಬ್ಬನಿಗೆ ಒಪ್ಪಿಗೆಯಾಗುವುದಿಲ್ಲ. ದಿಬ್ಬಣ ಮಳೆಯಲ್ಲಿ ನೆನೆದು ಬಂತೆಂದು ಒಬ್ಬ, ಅಂದು ಸುಡುಬಿಸಿಲಿತ್ತೆಂದು ಇನ್ನೊಬ್ಬ. ಇಬ್ಬರೂ ಆಣೆ ಹಾಕಲು ಸಿದ್ಧ. ಇವರಲ್ಲೊಬ್ಬ ಸುಳ್ಳುಗಾರನಿರಲೇಬೇಕೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಪ್ರಾಮಾಣಿಕನಾದವನೂ ನಡೆಯದಿದ್ದುದನ್ನು ನಡೆದಂತೆ ನೆನೆಯಬಲ್ಲನೆಂದು ಪ್ರಯೋಗ ಮಾಡಿ ತೋರಿಸಿದವರು ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್.

ಅವರು ಹುಟ್ಟಿದ್ದು 1886ರ ಅಕ್ಟೋಬರ್ 20ರಂದು, ಗ್ಲಾಸ್ಟರ್‌ಶೈರ್ ಪ್ರಾಂತದ ಸ್ಟೋ-ಆನ್-ದ-ವೋಲ್ಡ್ ಎಂಬ ಸಣ್ಣ ಪೇಟೆಯಲ್ಲಿ. ತಂದೆಯದು ಬೂಟು ತಯಾರಿಸುವ ಉದ್ಯೋಗ. ಹುಡುಗನಿಗೆ ಶ್ವಾಸಕೋಶದ ಪೊರೆಯ ಉರಿಯೂತ ತಗಲಿ, ಊರು ಬಿಟ್ಟು ಶಾಲೆಗೆ ಹೋಗುವುದು ತಪ್ಪಿತು. ಮನೆಯಲ್ಲೇ ಓದಿ, ಅಂಚೆಯ ಮೂಲಕ ಪಾಠ ಕಲಿತು, 1909ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದರು. ಕಾಲೇಜಿನ ಮೆಟ್ಟಿಲು ಹತ್ತದೆ ಪದವೀಧರರಾದವರು ಮುಂದೆ ಕೇಂಬ್ರಿಜ್‌ನ ಪ್ರಾಧ್ಯಾಪಕರಾದರೆಂಬುದು ಮನೆಯಲ್ಲೇ ಕುಳಿತು ಪರೀಕ್ಷೆಗೆ ಕಟ್ಟುವ ನಮ್ಮ ತರುಣ ತರುಣಿಯರು ಗಮನಿಸತಕ್ಕ ಸಂಗತಿ.

ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದಾಗ ಅವರ ಮನಸ್ಸಿದ್ದುದು ಮಾನವಶಾಸ್ತ್ರದ ಕಡೆಗೆ. ಅದಕ್ಕೂ ಮನಃಶಾಸ್ತ್ರದ ತರಬೇತಿಯೇ ಒಳ್ಳೆಯ ತಳಹದಿಯೆಂದು ಹಿರಿಯ ವಿದ್ವಾಂಸ ರಿವರ್ಸ್ ತಿಳಿಹೇಳಿದರು. 1914ರಲ್ಲಿ ಮಹಾಯುದ್ಧ ಬಂತು. ದೇಹಸ್ಥಿತಿಯ ಕಾರಣ ಸೈನ್ಯಕ್ಕೆ ಸೇರಲಾಗದ ಬಾರ್ಟ್ಲೆಟ್ ಪ್ರಯೋಗಶಾಲೆಯಲ್ಲೇ ಉಳಿದರು.

ಆ ಕಾಲಕ್ಕೆ ನೆನಪಿನ ಅಧ್ಯಯನವೆಂದರೆ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಹಾಕಿಕೊಟ್ಟ ದಾರಿ: ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ಲೆಕ್ಕವಿಡುವುದು. ಬಾರ್ಟ್ಲೆಟರಿಗೆ ಇದು ಹಿಡಿಸಲಿಲ್ಲ. ಬದುಕಿನಲ್ಲಿ ನಾವು ಅರ್ಥವಿಲ್ಲದ್ದನ್ನು ನೆನಪಿಡಲು ಹೋಗುತ್ತೇವೆಯೇ? ಆದ್ದರಿಂದ ಅವರು ಕಥೆಯನ್ನು ತೆಗೆದುಕೊಂಡರು. ಅದು ಅಮೆರಿಕದ ಮೂಲನಿವಾಸಿಗಳಲ್ಲಿ ಪ್ರಚಲಿತವಿದ್ದ, ಭೂತಗಳ ಯುದ್ಧದ ಒಂದು ಕಥೆ. ಸೀಲ್ ಬೇಟೆಗೆ ನದಿಗಿಳಿದ ಇಬ್ಬರು ಯುವಕರು, ದೋಣಿಯಲ್ಲಿ ಬಂದ ಯೋಧರು, ಗಾಯಗೊಂಡರೂ ನೋವರಿಯದ ಒಬ್ಬ, ಸೂರ್ಯೋದಯದ ಹೊತ್ತಿಗೆ ಅವನ ಬಾಯಿಂದ ಹೊರಬಿದ್ದ ಏನೋ ಕಪ್ಪು ವಸ್ತು, ಅವನ ಸಾವು. ಇಂಗ್ಲಿಷರಿಗೆ ತಲೆಬುಡ ತಿಳಿಯದ ಕಥೆ. ಬೇಕೆಂದೇ ಅಂಥದನ್ನು ಆರಿಸಿದ್ದು.

ಇಪ್ಪತ್ತು ಮಂದಿ ಅದನ್ನು ತಲಾ ಎರಡು ಸಲ ಓದಿದರು. ಕಾಲು ಗಂಟೆಯ ನಂತರ ನೆನಪಿನಿಂದ ಬರೆದರು. ಆಮೇಲೆ ದಿನಗಳು, ತಿಂಗಳುಗಳು ಕಳೆದ ಮೇಲೆ ಸಿಕ್ಕಿದವರಿಂದ ಪುನಃ ಬರೆಯಿಸಿದರು. ಕೆಲವರಿಗೆ ವರ್ಷಗಳೇ ಕಳೆದಿದ್ದವು. ಕಥೆ ಮೊಟಕಾದುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯದ ಮಾತೆಂದರೆ ಅದು ಇಂಗ್ಲಿಷ್ ಕಥೆಯಾಗುತ್ತ ಹೋದದ್ದು! ಸೀಲ್ ಬೇಟೆ ಮೀನುಗಾರಿಕೆಯಾಯಿತು. ಅವರ ಕನೂ ಸಾಮಾನ್ಯ ದೋಣಿಯಾಯಿತು. ಭೂತಗಳನ್ನು ಕೆಲವರು ಬಿಟ್ಟೇಬಿಟ್ಟರು, ಕೆಲವರು ಅದೊಂದು ಕುಲದ ಹೆಸರೆಂದುಕೊಂಡರು. ಮೂಲದಲ್ಲಿಲ್ಲದ ಕಾರಣಗಳು, ಸಂಬಂಧಗಳು ತಾವಾಗಿ ಸೇರಿಕೊಂಡವು. ಬರೆದವರಿಗೋ ತಾವು ಓದಿದ್ದನ್ನೇ ಬರೆದೆವೆಂಬ ನಂಬಿಕೆ.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಬರೆಯುವ ಸರಪಳಿ ಪ್ರಯೋಗವನ್ನೂ ಮಾಡಿದರು. ಕಿವಿಯಿಂದ ಕಿವಿಗೆ ಮಾತು ದಾಟಿಸುವ ಮಕ್ಕಳ ಆಟವಿದೆಯಲ್ಲ, ಅದರಂತೆಯೇ. ಇದರ ಸೂಚನೆ ಕೊಟ್ಟವರು ಆಗ ಕೇಂಬ್ರಿಜ್‌ನಲ್ಲಿದ್ದ ತರುಣ ಗಣಿತಜ್ಞ ನಾರ್ಬರ್ಟ್ ವೀನರ್. ಐದು ಮಂದಿ ಸೈನಿಕ, ನಾವಿಕರ ಮುಖಗಳ ಚಿತ್ರಗಳನ್ನು ತೋರಿಸಿ ಆಮೇಲೆ ಕೇಳಿದಾಗಲೂ ಒಬ್ಬನ ಲಕ್ಷಣ ಇನ್ನೊಬ್ಬನ ಮುಖಕ್ಕೆ ಹೋಗಿ ಕೂತಿತ್ತು. ಸಾಕ್ಷಿಯ ಮಾತೊಂದನ್ನೇ ನಂಬಿ ಮನುಷ್ಯನನ್ನು ಜೈಲಿಗೆ ಕಳುಹಿಸುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

1929ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಅವರು ಸ್ವಾಜಿಲ್ಯಾಂಡಿನಲ್ಲಿ, ಅಂದರೆ ಇಂದಿನ ಎಸ್ವಾಟಿನಿಯಲ್ಲಿ, ದನ ಕಾಯುವವನೊಬ್ಬನನ್ನು ಕಂಡರು. ವರ್ಷದ ಹಿಂದೆ ಒಡೆಯನು ಕೊಂಡ ದನಗಳ ಬಣ್ಣ, ಬೆಲೆ, ಮಾರಿದವರ ಹೆಸರು, ಎಲ್ಲವನ್ನೂ ಅವನು ಹೇಳಿದ. ಲೆಕ್ಕದ ಪುಸ್ತಕಕ್ಕೆ ಹೋಲಿಸಿದರೆ ಒಂದೆರಡು ಸಣ್ಣ ತಪ್ಪು. ಅದೇ ನಾಡಿನ ಹುಡುಗನೊಬ್ಬನಿಗೆ ಸಾಧಾರಣ ಸಂದೇಶ ಕೊಟ್ಟು ಕಳುಹಿಸಿದಾಗ ಅವನೇನೂ ಇಂಗ್ಲೆಂಡಿನ ಹುಡುಗರನ್ನು ಮೀರಿಸಲಿಲ್ಲ. ದನವೇ ಆ ಜನರ ಬಾಳು, ಆದ್ದರಿಂದ ದನದ ವಿಷಯ ನಿಂತಿತು. ಆಸಕ್ತಿ ಇದ್ದಲ್ಲಿ ನೆನಪು ನಿಲ್ಲುತ್ತದೆ. ತಿಳಿಯದ ಕಡೆ ಮನಸ್ಸು ತನಗೆ ಗೊತ್ತಿದ್ದುದನ್ನು ತಂದು ತುಂಬಿಸುತ್ತದೆ. ಪಾಠವನ್ನು ಮೇಲಿಂದ ಮೇಲೆ ಓದಿಟ್ಟ ವಿದ್ಯಾರ್ಥಿ ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ್ದನ್ನು ಧೈರ್ಯವಾಗಿ ಬರೆಯುವುದು ಹೀಗೆಯೇ. ಅವನನ್ನು ಗದರಿಸುವ ಮೊದಲು ಪಾಠ ಅವನಿಗೆ ಅರ್ಥವಾಗಿತ್ತೇ ಎಂದು ಕೇಳುವುದು ಒಳ್ಳೆಯದು.

ಈ ಎಲ್ಲ ಶೋಧನೆಗಳನ್ನೊಳಗೊಂಡ ಅವರ ಗ್ರಂಥ 1932ರಲ್ಲಿ ಹೊರಬಂತು. ಅದರ ಹಿಂದಿನ ವರ್ಷವೇ ಅವರು ಕೇಂಬ್ರಿಜ್‌ನ ಪ್ರಥಮ ಪ್ರಾಯೋಗಿಕ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅವರ ಪ್ರಯೋಗಶಾಲೆ ವಿಮಾನ ಚಾಲಕರ ಆಯಾಸವನ್ನು ಅಭ್ಯಸಿಸಿತು. ಅಲ್ಲಿ ಬಲಗೈಯಂತಿದ್ದ ಶಿಷ್ಯ ಕೆನೆತ್ ಕ್ರೇಕ್, ಯೂರೋಪಿನ ಯುದ್ಧ ಮುಗಿಯುವ ಮುನ್ನಾದಿನ, 1945ರ ಮೇ 7ರಂದು, ನಡೆದ ಸೈಕಲ್ ಅಪಘಾತದಿಂದ ತೀರಿಕೊಂಡರು. 1948ರಲ್ಲಿ ಬಾರ್ಟ್ಲೆಟರಿಗೆ ಸರ್ ಪದವಿ ಬಂತು.

ಅವರ ಪ್ರಯೋಗದಲ್ಲಿ ಲೋಪವಿರಲಿಲ್ಲವೆಂದಲ್ಲ. ಇದ್ದುದನ್ನಷ್ಟೇ ಬರೆಯಿರಿ, ಊಹಿಸಬೇಡಿ ಎಂದು ಅವರು ಕಟ್ಟುನಿಟ್ಟು ಮಾಡಿರಲಿಲ್ಲ. 1967ರಲ್ಲಿ ಗಾಲ್ಡ್ ಮತ್ತು ಸ್ಟೀಫನ್ಸನ್ ಎಂಬ ಸಂಶೋಧಕರು ಹಾಗೆ ಎಚ್ಚರಿಸಿ ಬರೆಯಿಸಿದಾಗ ತಪ್ಪುಗಳು ಕಡಿಮೆಯಾದವು. ಕೂಡಲೇ ಮತ್ತೆ ಮತ್ತೆ ಹೇಳಿಸಿದರೆ ನೆನಪು ಗಟ್ಟಿಯಾಗುತ್ತದೆ, ದೀರ್ಘಕಾಲ ಬಿಟ್ಟು ಕೇಳಿದರೆ ಕೆಡುತ್ತದೆ ಎಂಬ ವ್ಯತ್ಯಾಸವನ್ನೂ 1992ರಲ್ಲಿ ಅಮೆರಿಕದವರು ತೋರಿಸಿದರು. ಆದರೂ 1999ರಲ್ಲಿ ಅದೇ ಭೂತಗಳ ಕಥೆಯನ್ನು ಅದೇ ರೀತಿ ಓದಿಸಿ ನೋಡಿದಾಗ, ಆರು ತಿಂಗಳ ನಂತರ ಕಥೆ ಬಾರ್ಟ್ಲೆಟ್ ಕಂಡಂತೆಯೇ ರೂಪ ಬದಲಿಸಿತ್ತು. ಅದನ್ನು ನೋಡಲು ಅವರಿರಲಿಲ್ಲ. 1969ರ ಸೆಪ್ಟೆಂಬರ್ 30ರಂದು, 82ರ ವಯಸ್ಸಿನಲ್ಲಿ, ಅವರು ಕಾಲವಾಗಿದ್ದರು.