ಕೇರೀ ಸಾಹೇಬರೂ ಅವರ ಜೊತೆಕೆಲಸದವರೂ

ಬಂಗಾಳಿ ಭಾಷೆಗೆ ಸತ್ಯವೇದವನ್ನು ತಂದ ವಿಲಿಯಂ ಕೇರೀ ಸಾಹೇಬರ ಹೆಸರನ್ನು ನಮ್ಮ ಸಭೆಗಳವರಲ್ಲಿ ಅನೇಕರು ಕೇಳಿರುವರು. ಆದರೆ ಅವರು ಆ ಕೆಲಸವನ್ನು ಒಬ್ಬರೇ ನಡಿಸಲಿಲ್ಲ. ಜೊತೆಕೆಲಸದವರೊಂದಿಗೆ ಅವರಿಗಿದ್ದ ನಂಬಿಕೆಯು ಹೇಗೆ ಉಳಿಯಿತೆಂಬುದನ್ನು ಈ ಸಾರಿ ವಾಚಕರಿಗೆ ತಿಳಿಸಬಯಸುತ್ತೇವೆ.

ಕೇರಿಯವರು 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಜೋಡು ಹೊಲಿಯುವ ಕಸಬನ್ನು ಕಲಿತು, 1793ರಲ್ಲಿ ಬಂಗಾಳಕ್ಕೆ ಬಂದರು. 1800ನೇ ಇಸವಿಯ ಜನವರಿಯಲ್ಲಿ, ಆಗ ಡೇನರ ವಶದಲ್ಲಿದ್ದ ಶ್ರೀರಾಮಪುರದಲ್ಲಿ, ಉಪಾಧ್ಯಾಯರಾದ ಮಾರ್ಷ್‌ಮನ್ನರನ್ನೂ ಮುದ್ರಕರಾದ ವಾರ್ಡರನ್ನೂ ಕೂಡಿಕೊಂಡರು. ಒಬ್ಬರನ್ನೊಬ್ಬರು ಹೆಚ್ಚಾಗಿ ಅರಿಯದ ಈ ಕುಟುಂಬಗಳು ಒಂದೇ ಮನೆವಾರ್ತೆಯಾಗಿ ಬಾಳಬೇಕಾಯಿತು.

ಬರೇ ಒಳ್ಳೇ ಮನಸ್ಸು ಇದಕ್ಕೆ ಸಾಲದೆಂದು ಅವರು ಕಂಡು, ಕ್ರಮಗಳನ್ನು ಮಾಡಿಕೊಂಡರು. ಮನೆಯ ಮೇಲ್ವಿಚಾರಣೆಯು ತಿಂಗಳಿಗೊಬ್ಬರ ಸರದಿಯಾಗಿತ್ತು. ಹಣದ ಪೆಟ್ಟಿಗೆ ಎಲ್ಲರಿಗೂ ಒಂದೇ. 1801ರಲ್ಲಿ ಕೇರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸುವವರಾದಾಗ ತಿಂಗಳಿಗೆ 500 ರೂಪಾಯಿ ಸಂಬಳ ದೊರೆಯಿತು. ಅದೂ, ಮಾರ್ಷ್‌ಮನ್ನರ ಶಾಲೆಯ ಆದಾಯವೂ, ಅಚ್ಚುಕೂಟದ ಗಳಿಕೆಯೂ ಸಾಮಾನ್ಯ ನಿಧಿಗೆ ಸೇರಿದವು. ಪ್ರತಿಯೊಂದು ಕುಟುಂಬವು ತನ್ನ ಖರ್ಚಿಗೆ ಅಲ್ಪ ಮೊತ್ತವನ್ನು ಮಾತ್ರ ತೆಗೆದುಕೊಂಡಿತು. ಶನಿವಾರ ಸಾಯಂಕಾಲ ಎಲ್ಲರೂ ಕೂಡಿ, ವಾರದಲ್ಲಿ ಹುಟ್ಟಿದ ಮನಸ್ತಾಪಗಳನ್ನು ಹೇಳಿಕೊಂಡು ತೀರಿಸಿಕೊಳ್ಳುತ್ತಿದ್ದರು. ಹೀಗೆ ಅಸಮಾಧಾನವು ಕರ್ತನ ದಿನದ ವರೆಗೆ ಉಳಿಯಲಿಲ್ಲ.

1812ನೇ ಮಾರ್ಚ್ 11ರಂದು ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದವೂ ಅಚ್ಚಿನ ಮೊಳೆಗಳೂ ಅನೇಕ ವರುಷಗಳ ಕೈಬರಹಗಳೂ ಸುಟ್ಟವು. ನಮ್ಮ ಕನ್ನಡದ ಭಾಷಾಂತರವೂ ಅವುಗಳಲ್ಲಿತ್ತು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಮಾರ್ಷ್‌ಮನ್ನರೇ ಹೋಗಿ ಆ ದುಃಖದ ವರ್ತಮಾನವನ್ನು ತಿಳಿಸಿದರು. ವಾರ್ಡರು ಬೂದಿಯೊಳಗಿಂದ ಉಕ್ಕಿನ ಪಡಿಯಚ್ಚುಗಳನ್ನು ತೆಗೆದು, ಕರಗಿದ ಲೋಹದಿಂದ ಮೊಳೆಗಳನ್ನು ಪುನಃ ಎರಕ ಹೊಯ್ಯಿಸಿದರು. ಕೇರಿಯವರು ಬರೆಯುವ ಕೆಲಸವನ್ನು ತಿರಿಗಿ ಹಿಡಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಅಲ್ಲಿಂದಲೇ ಹೊರಟಿತು.

ಆದರೂ ಇಂಗ್ಲೆಂಡಿನಲ್ಲಿದ್ದ ಸಂಘದವರಿಗೂ ಇವರಿಗೂ ಆಸ್ತಿಯ ವಿಷಯವಾಗಿ ಸಂಶಯಗಳು ಬೆಳೆದು, 1827ರಲ್ಲಿ ಅಗಲಿಕೆಯುಂಟಾಯಿತು. ತಿಂಗಳುಗಟ್ಟಲೆ ತಡವಾಗಿ ಮುಟ್ಟುವ ಕಾಗದಗಳಿಗೆ ಶನಿವಾರದ ಕೂಟದ ಬಲವಿರಲಿಲ್ಲ. ಶ್ರೀರಾಮಪುರದ ಮೂವರಾದರೋ ಮರಣದ ವರೆಗೂ ಅಗಲಲಿಲ್ಲ. ವಾರ್ಡರು 1823ರಲ್ಲಿಯೂ, ಕೇರಿಯವರು 1834ನೇ ಜೂನ್ 9ರಂದೂ, ಮಾರ್ಷ್‌ಮನ್ನರು 1837ರಲ್ಲಿಯೂ ತೀರಿಕೊಂಡರು.

ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಕಾಣಿಕೆಯ ಲೆಕ್ಕವು ಎಲ್ಲರ ಕಣ್ಣೆದುರಿಗೆ ತೆರೆದಿದ್ದು, ಮನಸ್ತಾಪವು ವಾರ ದಾಟದೆ ತೀರುವುದಾದರೆ, ಹಿರಿಯರೂ ಬೋಧಕರೂ ಒಂದೇ ನೊಗದ ಎತ್ತುಗಳಂತೆ ಎಳೆಯುವರೆಂದು ನಂಬುತ್ತೇವೆ.